ಆಯಿಯ ಪದಾರ್ಥ, ವೈನಿಯ ಪದಾರ್ಥ

ಹೋದ ಭಾನುವಾರ ನಿಪ್ಪಾಣಿಯಲ್ಲಿ ಬಸ್ಸಿಳಿದು ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿಯ ಮನೆಗೆ ಹೊರಟಿದ್ದೆ. ಹೊಸ ಅಂಗಡಿಯೊಂದರ ಮುಂದೆ ಒಂದು ಫಲಕ ತೂಗುತ್ತಿತ್ತು: 'ಇಲ್ಲಿ ಘರಗುತಿ ಪದಾರ್ಥ ಸಿಗುತ್ತವೆ.' ಮನೆಯಲ್ಲೇ ಮಾಡಿದ ಚಕ್ಕುಲಿ, ಶಂಕರಪಾಳಿ, ಅವಲಕ್ಕಿ ಚೂಡಾ ಸಿಗುತ್ತವೆ ಎಂದು ಅದರ ಅರ್ಥ. ಓದಿದವಳೇ ರಸ್ತೆಯಲ್ಲಿ ನಿಂತು ನಗತೊಡಗಿದೆ. ಹಿಂದೆ ಬರುತ್ತಿದ್ದ ಸ್ಕೂಟರಿನವನು, "ಮೇಡಂ, ನಗೂದಾದ್ರ ಬಾಜೂಕ ನಿಂತ ನಗರಿ" ಅಂದ. ಅವನು ಹೇಳಿದ್ದು ಸರಿಯೇ. ಆದರೆ ಆ 'ಪದಾರ್ಥ' ನಮ್ಮ ಮನೆಯಲ್ಲಿ ಮಾಡಿದ ಗೊಂದಲ ಅವನಿಗೆ ಹೇಗೆ ತಿಳಿಯಬೇಕು? ನಿಮಗೆ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ನೇರ ಹೇಳುವುದು ನನಗೆ ಬರುವುದಿಲ್ಲ.

ನಾನು ರಾಯಬಾಗದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೊಸ ಮಕ್ಕಳು ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುವ ಚಟ ನನಗೆ: ವಿಜ್ಞಾನದಲ್ಲಿ ನಿಮಗೆ ಯಾವ ಶಾಸ್ತ್ರ ಇಷ್ಟ, ಯಾಕೆ? ಪುಸ್ತಕದಂಥ ಉತ್ತರ ಒಂದೂ ಬರುವುದಿಲ್ಲ. ಒಬ್ಬಳು, "ಜೀವಶಾಸ್ತ್ರರಿ, ಬಣ್ಣದ ಪೆನ್ಸಿಲ್ ತರಬೋದಲ್ರಿ" ಅನ್ನುತ್ತಾಳೆ. ಇನ್ನೊಬ್ಬನಿಗೆ ಖಗೋಳಶಾಸ್ತ್ರ ಇಷ್ಟ, ಯಾಕೆಂದರೆ "ಪರೀಕ್ಷಾಕ್ಕ ಅದು ಬಾಳ ಬರಂಗಿಲ್ಲರಿ." ಅಥಣಿ ಕಡೆಯ ಹುಡುಗನೊಬ್ಬ ರಸಾಯನಶಾಸ್ತ್ರ ಅಂದ. ಯಾಕಪ್ಪಾ ಅಂದರೆ, "ದ್ರಾಕ್ಷಿ ಹುಳಕ್ಕ ಯಾವ ಎಣ್ಣಿ ಹೊಡೀಬೇಕಂತ ಅಪ್ಪಗ ತಿಳೀವಲ್ದರಿ." ಇವುಗಳಲ್ಲಿ ಯಾವುದು ಕಾರಣ, ಯಾವುದು ನೆಪ ಎಂದು ನನಗೆ ಇಂದಿಗೂ ಬಗೆಹರಿದಿಲ್ಲ. ನನ್ನದೇನು ಹೆಚ್ಚು? ಕಾಲೇಜಿನಲ್ಲಿ ಮೂರು ಪ್ರಯೋಗಾಲಯಗಳ ಪೈಕಿ ರಸಾಯನಶಾಸ್ತ್ರದ್ದೊಂದೇ ನೆರಳಿನಲ್ಲಿತ್ತು. ಹಾಗಾಗಿ ಅದನ್ನು ಹಿಡಿದೆ. ಅಮೋನಿಯಾ ಮೂಗಿಗೆ ಬಡಿದರೆ ಈಗಲೂ ಸೀನುತ್ತೇನೆ, ಆದರೂ ಅದೇ ನನ್ನ ಪ್ರೀತಿಯ ಶಾಸ್ತ್ರ ಎಂದು ಮಕ್ಕಳ ಮುಂದೆ ಎದೆ ತಟ್ಟಿ ಹೇಳುತ್ತೇನೆ.

ತನಗೆ ಯಾವುದು ಇಷ್ಟ, ಯಾಕಿಷ್ಟ ಎಂದು ಸ್ಪಷ್ಟವಾಗಿ ಹೇಳಬಲ್ಲವರು ನನಗೆ ಸಿಕ್ಕದ್ದು ಒಬ್ಬರೇ, ವೈನಿ. ಎಲ್ಲ ಎಡವಟ್ಟೂ ಶುರುವಾದದ್ದು ಆ ಸ್ಪಷ್ಟತೆಯಿಂದಲೇ.

ಆಗ ನಾವು ಉಗಾರ ಬುದ್ರುಕದಲ್ಲಿದ್ದೆವು. ನಾನಿನ್ನೂ ಒಂಬತ್ತನೆಯ ಇಯತ್ತೆ. ಅಣ್ಣನಿಗೆ ಹೆಣ್ಣು ನೋಡಲು ಕೊಗನೊಳ್ಳಿಯ ಆಚೆ, ಮಹಾರಾಷ್ಟ್ರದ ಒಂದು ಹಳ್ಳಿಗೆ ಹೋದೆವು. ಅವರೂ ನಮ್ಮಂತೆ ಜೈನರು, ಹೊಲ ಮನೆ ಇದ್ದವರು. ಹುಡುಗಿ ಕಲಿತದ್ದೆಲ್ಲ ಮರಾಠಿಯಲ್ಲಿ, ಮನೆಯಲ್ಲಿ ಮಾತ್ರ ನಮ್ಮದೇ ಕನ್ನಡ. ನಮ್ಮ ತಾಯಿ, ಅಂದರೆ ಆಯಿ, ಚಹದ ಬಟ್ಟಲು ಕೆಳಗಿಟ್ಟು ಕೇಳಿದಳು:

"ಏನ್ ಕಲ್ತೀಯವಾ ತಂಗಿ?"

"ಬಿ.ಎಸ್ಸಿ.ರಿ. ಪದಾರ್ಥವಿಜ್ಞಾನ."

ಆಯಿಯ ಮುಖ ಅರಳಿತು. ಮರಾಠಿ ಶಾಲೆಯವರು ಭೌತಶಾಸ್ತ್ರಕ್ಕೆ ಪದಾರ್ಥವಿಜ್ಞಾನ ಅನ್ನುತ್ತಾರೆ ಎಂಬುದು ಆಯಿಗೆಲ್ಲಿ ಗೊತ್ತು? ಕನ್ನಡ ಶಾಲೆಯ ನನಗೂ ಗೊತ್ತಿರಲಿಲ್ಲ, ಪಟ್ಟೆಪಟ್ಟೆ ಅಂಗಿ ತೊಟ್ಟು ಕುಳಿತಿದ್ದ ಅಣ್ಣನಿಗೂ ಗೊತ್ತಿರಲಿಲ್ಲ. ನಮ್ಮ ಕಿವಿಗೆ ಬಿದ್ದದ್ದು ಪದಾರ್ಥ. ಅಡಿಗೆಯಲ್ಲೂ ಡಿಗ್ರಿ ಕೊಡುತ್ತಾರಲ್ಲ, ಕಾಲ ಎಷ್ಟು ಮುಂದೆ ಹೋಯಿತು ಎಂದು ನಾನು ಬೆರಗಾದೆ.

"ಅದ ನಿನಗ ಯಾಕ ಸೇರಿತು?" ಆಯಿ ಕೇಳಿದಳು.

ಹುಡುಗಿ ತಲೆ ಎತ್ತಿದಳು. "ಯಾವುದಕ್ಕ ಎಷ್ಟ ಉಷ್ಣತಾ ಕೊಟ್ರ ಏನಾಗತೈತಿ, ಒಳಗ ಉಗೀ ದಾಬ ಹೆಚ್ಚಾದ್ರ ಏನಾಗತೈತಿ, ನೀರ ಯಾವಾಗ ಉಕ್ಕತೈತಿ, ಎಲ್ಲಾ ತಿಳೀತೈತ್ರಿ. ಹಿಂಗ ಯಾಕ ಆತು ಅಂತ ಹುಡಿಕ್ಯಾಡಕೋತ ಕುಂತ್ರ ನನಗ ಹೊತ್ತ ಹೋಗಿದ್ದ ಗೊತ್ತಾಗೂದಿಲ್ಲರಿ." ಆಮೇಲೆ ಸೆರಗು ಬಿಗಿಹಿಡಿದು, "ಲಗ್ನ ಆದ ಮ್ಯಾಲೂ ಇದನ್ನ ಮುಂದ ಮಾಡಬೇಕಂತ ಆಸೆ ಐತ್ರಿ" ಅಂದಳು.

"ಮಾಡವಾ, ಮಾಡು. ನಮ್ಮ ಮನ್ಯಾಗ ಬ್ಯಾಡ ಅನ್ನಾವ್ರ ಯಾರು? ಜೀವ ಇರೂತನಕ ಮಾಡು" ಎಂದಳು ಆಯಿ.

ಹುಡುಗಿಯ ಕಣ್ಣಲ್ಲಿ ನೀರು ಬಂತು. ಇಂಥ ಅತ್ತೆ ಯಾರಿಗೆ ಸಿಗುತ್ತಾಳೆ ಎಂದು ಅವರ ಮನೆಯವರಿಗೂ ಅನ್ನಿಸಿತು. ಎರಡೂ ಕಡೆ ಸಂತೋಷವೋ ಸಂತೋಷ.

ಮದುವೆಯಾಗಿ ವೈನಿ ಮನೆಗೆ ಬಂದರು. ಅವರು ತಟ್ಟಿದ ಹೋಳಿಗೆ ಹಂಚಿನ ಮೇಲೆಯೇ ಹರಿಯುತ್ತಿತ್ತು. ಯಾಕೆ ಹರಿಯಿತು ಎಂದು ಅವರು ಚೆಂದಾಗಿ ವಿವರಿಸುತ್ತಿದ್ದರು. ಸಾರು ನೀರಾಗಿರುತ್ತಿತ್ತು. ಕುಕ್ಕರ್ ಸೀಟಿ ಹೊಡೆದರೆ ಮುಚ್ಚಳವನ್ನೇ ನೋಡುತ್ತ ನಿಂತುಬಿಡುತ್ತಿದ್ದರು. ಆಯಿ ನೆರೆಯವರಿಗೆ, "ಅದು ಬುಕ್ಕಿನ್ಯಾಗಿನ ಅಡಿಗಿ, ಕೈಯಾಗ ಇಳ್ಯಾಕ ಹೊತ್ತ ಹಿಡೀತೈತಿ" ಎಂದು ಸಮಾಧಾನ ಹೇಳುತ್ತಿದ್ದಳು. ತನಗೇ ಹೇಳಿಕೊಳ್ಳುತ್ತಿದ್ದಳೋ ಏನೋ.

ಮಳೆಗಾಲ ಹತ್ತಿರ ಬಂದಾಗ ಒಂದು ಮುಂಜಾನೆ ವೈನಿ ಬ್ಯಾಗಿಗೆ ಸೀರೆ ತುಂಬುತ್ತಿದ್ದರು.

"ಎಲ್ಲಿಗೆ ಹೊಂಟೀ?" ಆಯಿ ಕೇಳಿದಳು.

"ತವರಮನಿಗಿರಿ. ಅಲ್ಲಿಂದ ದಿನಾ ಕೊಲ್ಲಾಪುರಕ್ಕ ಹೋಗಿ ಎಮ್.ಎಸ್ಸಿ. ಮಾಡ್ತೀನಿ. ಸೂಟಿ ಇದ್ದಾಗ ಬರ್ತೀನ್ರಿ."

"ಅಡಿಗಿ ಕಲ್ಯಾಕ ಕೊಲ್ಲಾಪುರಕ್ಕ ಯಾಕ ಹೋಗಬೇಕ ಬೇ?"

ಈಗ ಕಂಗಾಲಾಗುವ ಸರದಿ ವೈನಿಯದು. ಟ್ರಂಕಿನಿಂದ ಪುಸ್ತಕ ತೆಗೆದು ತೋರಿಸಿದರು. ಪುಟಗಳ ತುಂಬ ಲೋಲಕ, ಮಸೂರ, ಬಾಣದ ಗುರುತು. ಆಯಿ ಹಾಳೆ ಮೇಲೆ ಹಾಳೆ ಮಗುಚಿದಳು. ತಿನ್ನುವಂಥದ್ದು ಒಂದೂ ಇರಲಿಲ್ಲ. "ನೀವ ಮಾತ ಕೊಟ್ಟಿದ್ರಲ್ಲರಿ" ಎಂದು ವೈನಿ ಮೆಲ್ಲಗೆ ಅಂದರು. ಆಯಿ ಬೇಡ ಅಂದಿದ್ದರೆ ಆ ಪುಸ್ತಕ ಮತ್ತೆ ಟ್ರಂಕಿಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಅದು ನನಗೂ ತಿಳಿಯುತ್ತಿತ್ತು.

ಮನೆಯಲ್ಲಿ ನ್ಯಾಯಪಂಚಾಯಿತಿಯೇ ಕೂಡಿತು. ತಪ್ಪು ತಿಳಿದು ಕೊಟ್ಟ ಮಾತು ಮಾತಲ್ಲ ಎಂದರು ಕಾಕಾ, ಅಂದರೆ ಅಪ್ಪನ ತಮ್ಮ. ಅಣ್ಣ ಹೆಂಡತಿಯ ಮುಖ ನೋಡುತ್ತಿದ್ದ, ತಾಯಿಯ ಮುಖ ನೋಡುತ್ತಿದ್ದ, ಆಮೇಲೆ ತನ್ನ ಚಪ್ಪಲಿ ನೋಡುತ್ತಿದ್ದ. ನನಗಂತೂ ಎಲ್ಲರ ಮಾತೂ ಸರಿ ಅನ್ನಿಸುತ್ತಿತ್ತು. ಕೊನೆಗೆ ಆಯಿ ಎದ್ದು ಒಳಗೆ ಹೋಗುತ್ತ, "ಮಾಡು ಅಂದೀನಿ, ಮಾಡ್ಲಿ" ಅಂದಳು. ಅಷ್ಟೇ. ವೈನಿ ಹೋದರು, ಓದಿದರು, ನಿಪ್ಪಾಣಿಯಲ್ಲಿ ಕಾಲೇಜಿಗೆ ಸೇರಿದರು. ಆ ವರ್ಷಗಳೆಲ್ಲ ಒಲೆಯ ಮುಂದೆ ಇದ್ದವಳು ಆಯಿ. ಹೊತ್ತು ಮುಳುಗುವ ಮೊದಲು ಎಲ್ಲರ ಊಟ ಮುಗಿಯಬೇಕೆಂಬ ನೇಮದ ಮನೆ ನಮ್ಮದು, ಮಧ್ಯಾಹ್ನದಿಂದಲೇ ಅವಳ ಧಾವಂತ ಶುರುವಾಗುತ್ತಿತ್ತು. ಆಡಿದ ಮಾತಿಗೆ ಕಟ್ಟುಬಿದ್ದವಳು ಎಂದು ಊರವರು ಹೊಗಳಿದರು. ನಾವೂ ಹಾಗೆಯೇ ತಿಳಿದೆವು.

ಆಯಿ ಈಗ ವೈನಿಯ ಜೊತೆ ನಿಪ್ಪಾಣಿಯಲ್ಲೇ ಇದ್ದಾಳೆ. ಭಾನುವಾರ ನಾನು ಹೋದಾಗ ಹೊರಗಿನ ಕೋಣೆಯಲ್ಲಿ ಕಾಲು ಚಾಚಿ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಫಲಕದ ಸುದ್ದಿ ಹೇಳಿದೆ. ವೈನಿ ನಕ್ಕು ನಕ್ಕು ಗೋಡೆ ಹಿಡಿದರು. ಅದೇ ಗುಂಗಿನಲ್ಲಿ ನಾನು ಆಯಿಯ ಮುಂದೆ ಕುಳಿತು, ಮಕ್ಕಳಿಗೆ ಕೇಳುವಂತೆಯೇ ಕೇಳಿದೆ: "ಆಯಿ, ನಿನಗ ಯಾವ ಶಾಸ್ತ್ರ ಸೇರತೈತಿ? ಅಡಿಗಿ ಶಾಸ್ತ್ರನ ಹೌದಲ್ಲ?"

"ಅಡಿಗಿ ನನಗ ಒಂದ ದಿನಾನೂ ಸೇರಿಲ್ಲ ಬೇ" ಅಂದಳು ಆಯಿ, ಎಲೆ ಬಿಡಿಸುತ್ತಲೇ.

ನಮ್ಮ ನಗು ನಿಂತಿತು.

"ಅದಕ್ಕ ನೋಡ, ಪದಾರ್ಥದ ಹುಡುಗಿ ಸಿಕ್ಕಳಂತ ಅವತ್ತ ಅಷ್ಟ ಖುಷಿ ಆಗಿದ್ದು. ಇನ್ನ ನಾ ಒಲಿ ಬಿಟ್ಟ ಏಳಬೋದು ಅಂದ್ಕೊಂಡಿದ್ನಿ."

ವೈನಿ ಗೋಡೆ ಬಿಟ್ಟು ಹತ್ತಿರ ಬಂದರು. "ಮತ್ತ ನನ್ನ ಯಾಕ ಕಳಿಸಿದ್ರಿ ಆಯಿ? ಮಾತ ಕೊಟ್ಟಿದ್ರಿ ಅಂತ?"

"ಮಾತೇನು, ಕಾಕಾ ಹೇಳಿದಂಗ ತಿರಗಿಸಬೋದಿತ್ತು." ಆಯಿ ಒಂದು ಕಡ್ಡಿ ಪಕ್ಕಕ್ಕಿಟ್ಟಳು. "ನಿನಗ ಸೇರಿತ್ತಲ್ಲ. ಸೇರಲಾರದ್ದ ಮಾಡೂದಂದ್ರ ಏನಂತ ನನಗ ಗೊತ್ತಿತ್ತು."

ವೈನಿ ಕೆಳಗೆ ಕುಳಿತು ಆಯಿಯ ಮೊಣಕಾಲ ಮೇಲೆ ಕೈಯಿಟ್ಟರು. ಆಯಿಯ ಕೈರುಚಿ, ಆಯಿಯ ಕೈರುಚಿ ಎಂದು ಹಾಡಿಕೊಂಡು ಬಂದವಳು ನಾನು.

"ಹಂಗಾದ್ರ ನಿನಗ ಏನ ಸೇರತೈತಿ ಆಯಿ?"

ಆಯಿಯ ಕೈ ನಿಂತಿತು. ನನ್ನ ಕ್ಲಾಸಿನ ಯಾವ ಮಗುವೂ ಆ ಪ್ರಶ್ನೆಗೆ ಅಷ್ಟು ಹೊತ್ತು ತೆಗೆದುಕೊಂಡಿಲ್ಲ.

"ಗೊತ್ತಿಲ್ಲ ಬೇ" ಅಂದಳು. "ನೋಡಬೇಕಿನ್ನ."

ವೈನಿ ಅವಳ ಮಡಿಲಿನಿಂದ ಮೆಂತ್ಯೆಯ ಬುಟ್ಟಿ ಎತ್ತಿಕೊಂಡರು. ನಾವಿಬ್ಬರೂ ಅಡಿಗೆಮನೆಗೆ ಹೋದೆವು. ಆಯಿ ಅಲ್ಲೇ ಕುಳಿತು ಯೋಚಿಸುತ್ತಿದ್ದಳು.