ಮಾವನ ಬೆನ್ನ ಹಿಂದಿನಿಂದ ತೆಗೆದ ಫೋಟೋ

ಯಾರಾದರೂ ಶಕುನ, ದೆವ್ವ, ಕನಸಿನಲ್ಲಿ ಬಂದು ಹೇಳಿದ ಮಾತು ಅಂತ ಶುರುಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುವವಳು. ಅವರ ಮೇಲೆ ಅಸಡ್ಡೆಯಿಂದಲ್ಲ. ನನಗೆ ಅಂಥದ್ದರಲ್ಲಿ ನಂಬಿಕೆ ಇರಲಿಲ್ಲ, ನಂಬಿದವಳ ಹಾಗೆ ತಲೆಯಾಡಿಸಲೂ ಬರುತ್ತಿರಲಿಲ್ಲ. ನನ್ನ ಕೆಲಸವೂ ಇದಕ್ಕೆ ಕಾರಣವಿರಬೇಕು. ಒಂದು ಟೆಲಿಫೋನ್ ಕಂಪನಿಯ ಜಾಲ ಈಗ ಮೊದಲಿನಂತೆ ಎಕ್ಸ್‌ಚೇಂಜಿನ ದೊಡ್ಡ ಪೆಟ್ಟಿಗೆಗಳಲ್ಲಿ ನಡೆಯುವುದಿಲ್ಲ, ಕ್ಲೌಡಿನಲ್ಲಿ ನಡೆಯುತ್ತದೆ. ಅಂದರೆ ಬೇರೆ ಬೇರೆ ಊರುಗಳಲ್ಲಿರುವ ಸಾವಿರಾರು ಕಂಪ್ಯೂಟರುಗಳು ಸೇರಿ ಆ ಕೆಲಸ ಮಾಡುತ್ತವೆ. ಅದು ನಿಲ್ಲದ ಹಾಗೆ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಆಂಬುಲೆನ್ಸಿಗೆ ಹೋಗುವ ಕರೆ, ಪೊಲೀಸರಿಗೆ ಹೋಗುವ ಕರೆ ಎಲ್ಲವೂ ಅದರ ಮೂಲಕವೇ ಹೋಗಬೇಕು. ಒಂದು ಕರೆ ಕಡಿದರೂ ಎಲ್ಲಿ ಕಡಿಯಿತು, ಯಾಕೆ ಕಡಿಯಿತು ಎಂದು ಹುಡುಕಿದರೆ ಸಿಗುತ್ತದೆ. ಕಾರಣವಿಲ್ಲದೆ ಅಲ್ಲಿ ಏನೂ ಆಗುವುದಿಲ್ಲ.

ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಡೆದಷ್ಟನ್ನು ಹೇಳುತ್ತೇನೆ.

ನಾವು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿರುವವರು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮಾವ. ಮಾವ ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಠಾಣೆ ಪಟ್ಟಣದ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನ್ ನಡೆಸಿ, ವಯಸ್ಸಾದ ಮೇಲೆ ಬಿಟ್ಟವರು. ಎರಡು ವರ್ಷಗಳಿಂದ ಅವರಿಗೆ ಮರೆವು ಹೆಚ್ಚಾಗುತ್ತಾ ಬಂದಿತ್ತು. ಊಟ ಮಾಡಿದ್ದು ಮರೆಯುತ್ತಿದ್ದರು, ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಆದರೂ ಬೆಳಿಗ್ಗೆ ಕೆಳಗಿಳಿದು ಹೂವು, ಪೇಪರು ತರುವುದು ಮಾತ್ರ ತಪ್ಪುತ್ತಿರಲಿಲ್ಲ. ವಾಚ್‌ಮನ್ ನೋಡಿಕೊಳ್ಳುತ್ತಾನೆ ಎಂದು ನಾವೂ ಬಿಟ್ಟಿದ್ದೆವು.

ಆ ಮಳೆಗಾಲದ ದಿನ ಹೂವಿಗೆ ಹೋದವರು ಬರಲಿಲ್ಲ. ವಾಚ್‌ಮನ್ ನೀರಿನ ಮೋಟರ್ ಹಾಕಲು ಹಿಂದುಗಡೆ ಹೋಗಿದ್ದನಂತೆ. ನಾನು ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಲ್ಯಾಪ್‌ಟಾಪ್ ಬಿಟ್ಟು ಓಡಿದೆ. ನಮ್ಮ ಕಟ್ಟಡದ ಸೊಸೈಟಿಯವರು ಒಂದೊಂದು ಗಲ್ಲಿಗೆ ಒಬ್ಬೊಬ್ಬರು ಹೋದರು. ಸ್ಟೇಷನ್ ಹತ್ತಿರ ಸೊಪ್ಪು ಮಾರುವವಳೊಬ್ಬಳು, ಅಂಥ ಅಜ್ಜ ಕಲ್ಯಾಣದ ಲೋಕಲ್ ರೈಲು ಹತ್ತಿದ್ದನ್ನು ಕಂಡೆ ಅಂದಳು. ನನ್ನ ಗಂಡ ಪೊಲೀಸರಿಗೆ ದೂರು ಕೊಟ್ಟು ಇಬ್ಬರು ಗೆಳೆಯರೊಂದಿಗೆ ಕಲ್ಯಾಣಕ್ಕೆ ಹೊರಟರು. ಪೊಲೀಸರು ಮಾವನ ಮೊಬೈಲ್ ನಂಬರ್ ಕೇಳಿ ಬರೆದುಕೊಂಡರು. ಟವರ್ ನೋಡಿಸುತ್ತೇವೆ, ಸ್ವಲ್ಪ ಹೊತ್ತಾಗುತ್ತದೆ ಅಂದರು. ನಾನು ಎಷ್ಟು ಸಲ ಕರೆ ಮಾಡಿದರೂ ಆ ಫೋನ್ ಸ್ವಿಚ್ ಆಫ್. ಇಷ್ಟು ಲಕ್ಷ ಜನರ ಫೋನ್ ಯಾವ ಟವರಿನ ಕೆಳಗಿದೆ ಎಂದು ತಿಳಿದಿರುವ ವ್ಯವಸ್ಥೆಗೆ ದಿನವೂ ಕಾವಲು ಕೂರುವವಳು ನಾನು. ಆದರೆ ಅದರೊಳಗೆ ಕೈಹಾಕಿ ಒಬ್ಬರನ್ನು ಹುಡುಕುವ ಅಧಿಕಾರ ನನಗಿಲ್ಲ. ಸುಮ್ಮನೆ ಬಾಲ್ಕನಿಯಲ್ಲಿ ನಿಂತು ಹೋಗುವ ಬರುವ ಕೊಡೆಗಳನ್ನು ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿನಲ್ಲಿ ಒಂದು ಸೂಚನೆ ಬಂತು. ಮನೆಯವರೆಲ್ಲರ ಫೋನಿನಲ್ಲಿ ತೆಗೆದ ಫೋಟೋ ತಾನಾಗಿಯೇ ಕ್ಲೌಡಿನ ಒಂದು ಫೋಲ್ಡರಿಗೆ ಹೋಗುವಂತೆ ನನ್ನ ಗಂಡ ಹಿಂದೆ ಮಾಡಿಟ್ಟಿದ್ದರು. ಊರಿನಲ್ಲಿರುವ ನಾದಿನಿಯೂ ನೋಡಲಿ ಎಂದು. ಆ ಫೋಲ್ಡರಿಗೆ ಮಾವನ ಫೋನಿನಿಂದ ಹೊಸ ಫೋಟೋ ಬಂದಿತ್ತು. ಒದ್ದೆ ಪ್ಲಾಟ್‌ಫಾರಂ, ಹಳದಿ ಗೆರೆ, ಒಂದು ಚಪ್ಪಲಿಯ ತುದಿ. ನೋಡುತ್ತಿದ್ದಂತೆ ಇನ್ನೊಂದು ಬಂತು. ರೈಲಿನ ಕಿಟಕಿಯ ಸರಳುಗಳ ಆಚೆ ನೀಲಿ ಗಾಜಿನ ಕಟ್ಟಡ. ಅದು ರಬಾಳೆ ಹತ್ತಿರದ ನನ್ನ ಆಫೀಸು. ದಿನಾ ನೋಡುವ ಕಟ್ಟಡ, ತಪ್ಪುವ ಹಾಗಿಲ್ಲ. ಅಂದರೆ ಮಾವ ಕಲ್ಯಾಣಕ್ಕೆ ಹೋಗಿಲ್ಲ, ಎದುರು ದಿಕ್ಕಿನಲ್ಲಿ, ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ನವಿ ಮುಂಬೈ ಕಡೆ ಹೋಗಿದ್ದಾರೆ.

ಆ ನಂಬರಿಗೆ ಮತ್ತೆ ಕರೆ ಮಾಡಿದೆ, ಈಗಲೂ ಸ್ವಿಚ್ ಆಫ್. ಗಂಡನಿಗೆ ತಿಳಿಸಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೂ ನೀನು ಆ ಕಡೆ ಹೋಗು ಅಂದರು. ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಠಾಣೆಯ ಲೋಕಲ್ ಹತ್ತಿದೆ. ಠಾಣೆಯಲ್ಲಿ ಇಳಿದು, ರಬಾಳೆಯ ಮೇಲೆ ಹೋಗುವ ವಾಶಿಯ ಗಾಡಿಗೆ ಮೆಟ್ಟಿಲು ಹತ್ತುತ್ತಿರುವಾಗ ಅತ್ತೆಯ ಫೋನ್ ಬಂತು.

"ಮಗಾ, ಫೋನ್ ಅವರ ಹತ್ತಿರ ಇಲ್ಲ. ನಿನ್ನೆ ಸಂಜೆ ನಾನೇ ರಿಪೇರಿಗೆ ಕೊಟ್ಟು ಬಂದಿದ್ದೆ. ಗಡಿಬಿಡಿಯಲ್ಲಿ ಹೇಳಲಿಕ್ಕೆ ಮರೆತೇ ಹೋಯಿತು. ಸಿಮ್ ನನ್ನ ಕನ್ನಡಕದ ಡಬ್ಬಿಯಲ್ಲಿ ಉಂಟು."

ನಾನು ಮೆಟ್ಟಿಲಿನಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಜನ ತಳ್ಳಿಕೊಂಡು ಹೋಗುತ್ತಿದ್ದರು. ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನು ಹಿಂದಿಯಲ್ಲಿ, ನೀರು ಹೋಗಿದೆ, ನಿನ್ನೆಯೇ ಬಿಚ್ಚಿಟ್ಟಿದ್ದೇನೆ, ಬ್ಯಾಟರಿ ಒಂದು ಕಡೆ ಬೋರ್ಡು ಒಂದು ಕಡೆ ಇದೆ, ಇಂದು ಮುಟ್ಟಿಲ್ಲ ಅಂದ. ಯಾರಾದರೂ ಆನ್ ಮಾಡಿದ್ದರಾ ಎಂದು ಕೇಳಿದ್ದಕ್ಕೆ ಅವನಿಗೆ ಸಿಟ್ಟೇ ಬಂತು.

ಹಾಗಾದರೆ ನಾನು ಯಾವುದನ್ನು ನಂಬಿ ಬಂದೆ? ಎಂದೋ ತೆಗೆದ ಫೋಟೋಗಳು ತಡವಾಗಿ ಬಂದವೇನೋ. ಅಷ್ಟರಲ್ಲಿ ಮಾವ ಕಲ್ಯಾಣದ ಆಚೆ ಎಲ್ಲಿ ಹೋದರೋ. ಹಿಂದಿರುಗೋಣ ಎಂದು ಎರಡು ಮೆಟ್ಟಿಲು ಇಳಿದೂ ಆಗಿತ್ತು. ಆಗ ಮೂರನೆಯ ಫೋಟೋ ಬಂತು.

ಅದರಲ್ಲಿ ಮಾವ ಇದ್ದರು. ಬೆನ್ನ ಹಿಂದಿನಿಂದ ತೆಗೆದದ್ದು. ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಭುಜದ ಹತ್ತಿರ ಅಂಗಿ ಹರಿದಲ್ಲಿ ನೀಲಿ ದಾರದ ಹೊಲಿಗೆ ಕಾಣುತ್ತಿತ್ತು. ಬಿಳಿ ದಾರ ಮುಗಿದಿದೆ ಎಂದು ಅತ್ತೆ ಹಿಂದಿನ ರಾತ್ರಿ ಊಟವಾದ ಮೇಲೆ ಕೂತು ಹಾಕಿದ ಹೊಲಿಗೆ ಅದು. ಫೋನ್ ಆಗಲೇ ಅಂಗಡಿ ಸೇರಿತ್ತು. ದೂರದ ಬೋರ್ಡಿನಲ್ಲಿ 'ಪಾಡಾ' ಎಂಬ ಎರಡು ಅಕ್ಷರ ಮಾತ್ರ ಕಾಣುತ್ತಿತ್ತು. ವಾಶಿಯ ದಾರಿಯಲ್ಲಿ ಹಾಗೆ ಮುಗಿಯುವ ಹೆಸರು ಸಾನಪಾಡಾ ಒಂದೇ.

ಗಾಡಿ ಹತ್ತಿ, ಆ ಸ್ಟೇಷನ್ ಬರುವವರೆಗೆ ನಾನು ಕುಳಿತುಕೊಳ್ಳಲಿಲ್ಲ. ಸೀಟು ಖಾಲಿ ಇತ್ತು, ಕೂರಲಾಗಲಿಲ್ಲ. ಫೋನನ್ನು ನೋಡಲೂ ಭಯ, ಬಿಡಲೂ ಭಯ. ಇಳಿದವಳು ಪ್ಲಾಟ್‌ಫಾರಂ ತುದಿಯವರೆಗೆ ಓಡಿದೆ. ಬೆಂಚು ಖಾಲಿ. ಅದರಾಚೆ, ಪ್ಲಾಟ್‌ಫಾರಂ ಇಳಿಜಾರಾಗಿ ಹಳಿಯ ಮಟ್ಟಕ್ಕೆ ಸೇರುವಲ್ಲಿ, ಮಾವ ಅಂಗಡಿ ಬೀದಿಯಲ್ಲಿ ನಡೆಯುವವರ ಹಾಗೆ ನಿಧಾನವಾಗಿ ಇಳಿಯುತ್ತಿದ್ದರು. ಗಾಡಿ ಬರುವ ಸದ್ದು ಕೇಳುತ್ತಿತ್ತು. ತೋಳು ಹಿಡಿದು ಎಳೆದುಕೊಂಡೆ. ಇಬ್ಬರೂ ಒದ್ದೆ ನೆಲದ ಮೇಲೆ ಕುಳಿತೆವು. ಗಾಡಿ ದಾಟಿ ಹೋಯಿತು.

ಅವರಿಗೆ ಭಯವೇ ಆಗಿರಲಿಲ್ಲ. ನಿನಗೆ ಇಂದು ಆಫೀಸು ಇಲ್ಲವಾ ಎಂದು ಕೇಳಿದರು. ಮಳೆಗೆ ಅವರ ಮೈಯೆಲ್ಲ ತಣ್ಣಗಾಗಿತ್ತು. ಗಂಡನಿಗೆ ಫೋನ್ ಮಾಡಿ, ಮಾವನಿಗೆ ಬಿಸಿ ಚಹಾ ಕುಡಿಸಿ, ಅವರನ್ನು ಅದೇ ಬೆಂಚಿನ ಮೇಲೆ ಕೂರಿಸಿದ ಮೇಲೆ ಕೇಳಿದೆ, ನಿಮ್ಮ ಜೊತೆ ಯಾರಿದ್ದರು, ಫೋಟೋ ಯಾರು ತೆಗೆದರು ಎಂದು. ಅವರು ಚಹಾದ ಲೋಟವನ್ನು ಪಕ್ಕಕ್ಕಿಟ್ಟರು.

"ಫೋಟೋ ತೆಗಿಲಿಕ್ಕೆ ಎದುರು ಬರಬೇಕು ಮಾರಾಯ್ತಿ. ಬೆನ್ನಿಂದು ಯಾರು ತೆಗಿತಾರೆ?"

ಬೆನ್ನಿನದು ಎಂದು ನಾನು ಹೇಳಿರಲಿಲ್ಲ. ಫೋಟೋ ಇನ್ನೂ ತೋರಿಸಿಯೂ ಇರಲಿಲ್ಲ. ತಿರುಗಿ ನೋಡಿದೆ. ಬೆಂಚು ಪ್ಲಾಟ್‌ಫಾರಂ ಅಂಚಿನ ಕಬ್ಬಿಣದ ಬೇಲಿಗೆ ತಾಗಿಕೊಂಡೇ ಇತ್ತು. ಬೇಲಿಯ ಆಚೆ ನೆಲವೇ ಇಲ್ಲ, ಕೆಳಗೆ ತುಂಬಿ ಹರಿಯುವ ನಾಲೆ. ಆ ಫೋಟೋ ತೆಗೆದವರು ನಿಂತಿರಬಹುದಾದ ಜಾಗ ಅಲ್ಲಿರಲಿಲ್ಲ.

ಆಮೇಲೆ ನಾನು ಸುಮ್ಮನಿರಲಿಲ್ಲ. ಆಫೀಸಿನಲ್ಲಿ ನನಗಿಂತ ಹೆಚ್ಚು ತಿಳಿದ ಜೋಶಿ ಎಂಬ ಹಿರಿಯರಿದ್ದಾರೆ. ಅವರಿಗೆ ಮೂರೂ ಫೋಟೋ ಕೊಟ್ಟು ನೋಡಿಸಿದೆ. ಮೊದಲೆರಡರಲ್ಲಿ ತಾರೀಕು ದಾಖಲಾಗಿಲ್ಲ, ಹಳೆಯವು ಇರಬಹುದು, ಎಲ್ಲೋ ಸಿಕ್ಕಿಕೊಂಡು ಈಗ ಬಿಡುಗಡೆಯಾಗಿವೆ, ಹಾಗೆ ಆಗುವುದುಂಟು ಅಂದರು. ಮೂರನೆಯದರೊಳಗೆ ದಾಖಲಾಗಿದ್ದ ಮಾಹಿತಿಯನ್ನು ಅವರು ತುಂಬ ಹೊತ್ತು ನೋಡಿದರು. ಮಾವನ ಫೋನಿನದೇ ಗುರುತು, ಅದೇ ದಿನ, ಅದೇ ಮಧ್ಯಾಹ್ನ. ಯಾವ ದಾರಿಯಿಂದ ಕ್ಲೌಡಿಗೆ ಬಂತು ಎಂಬುದಷ್ಟೇ ಸಿಗಲಿಲ್ಲ. ನೀಲಿ ದಾರದ ಸಂಗತಿ ಹೇಳಿದಾಗ ಅವರು ಫೋನನ್ನು ನನಗೆ ವಾಪಸು ಕೊಟ್ಟು, ಮಾವ ಸಿಕ್ಕಿದರಲ್ಲ, ಇದನ್ನು ಇಲ್ಲಿಗೇ ಬಿಡಿ ಅಂದರು. ಲೆಕ್ಕ ಸಿಗದ್ದನ್ನು ಅವರು ಎಂದೂ ಹಾಗೆ ಬಿಟ್ಟವರಲ್ಲ.

ಮಾವ ಈಗಲೂ ನಮ್ಮೊಂದಿಗಿದ್ದಾರೆ. ಬಾಗಿಲಿಗೆ ಮೇಲಿನಿಂದ ಒಂದು ಚಿಲಕ ಹಾಕಿಸಿದ್ದೇವೆ. ಅಂಗಡಿಯಲ್ಲಿದ್ದ ಫೋನ್ ಸರಿಯಾಗಲೇ ಇಲ್ಲ. ಅತ್ತೆ ಅದು ದೇವರ ಕೆಲಸ ಎನ್ನುತ್ತಾರೆ, ವರ್ಷಕ್ಕೊಮ್ಮೆ ಆ ದಿನ ಯಾರ ಹೆಸರೂ ಹೇಳದೆ ಒಂದು ದೀಪ ಹಚ್ಚುತ್ತಾರೆ. ಯಾರೇ ತೆಗೆದಿರಲಿ, ನಮಗೆ ಒಳ್ಳೆಯದನ್ನೇ ಮಾಡಿದರು, ಮತ್ತೆ ಯಾಕೆ ಹೆದರುತ್ತೀ ಎಂದು ಗಂಡ ಕೇಳುತ್ತಾರೆ.

ನನಗೆ ಹಾಗೆ ಸಮಾಧಾನವಾಗುವುದಿಲ್ಲ. ಆ ಫೋಟೋ ತೀರಾ ಹತ್ತಿರದಿಂದ ತೆಗೆದದ್ದು. ಹೊಲಿಗೆಯ ಒಂದೊಂದು ಎಳೆಯೂ ಎಣಿಸುವಷ್ಟು ಹತ್ತಿರ. ಅಷ್ಟು ಹತ್ತಿರ ನಿಂತು, ಆ ಮುದುಕರು ಏಳುವುದನ್ನೂ ಹಳಿಯ ಕಡೆ ನಡೆಯುವುದನ್ನೂ ನೋಡಿದವರು, ಅವರ ತೋಳನ್ನು ಯಾಕೆ ಹಿಡಿಯಲಿಲ್ಲ? ಹಿಡಿಯಲಿಲ್ಲವೋ, ಹಿಡಿಯಲು ಆಗಲಿಲ್ಲವೋ.