ದೇವಿಯ ಎಡಗೋಡೆ

ನಮ್ಮ ಕೇರಿಯ ದೇವಿಗುಡಿಗೆ ಕಾಲಿಟ್ಟರೆ ಈಗ ನನಗೆ ಭಕ್ತಿ ಬರುವುದಿಲ್ಲ, ಹೇಸಿಗೆ ಬರುತ್ತದೆ. ಬೇಲೆಕೇರಿಯ ಈಚೆ ಬದಿಗೆ ಮೀನುಗಾರರೇ ಕಟ್ಟಿಕೊಂಡ ಗುಡಿ ಅದು. ಗೋಡೆಗೆಲ್ಲ ಗುಲಾಬಿ ಬಣ್ಣದ ಟೈಲ್ಸು, ಅದರ ಮೇಲೆ ಅಚ್ಚು ಹಾಕಿದ ಕಮಲ. ಮಳೆಗಾಲದಲ್ಲಿ ಟೈಲ್ಸು ಬೆವರಿ, ಎಣ್ಣೆ ಜಿಡ್ಡು ಊದುಬತ್ತಿಯ ಮಸಿಯ ಜೊತೆ ಕೆಳಗಿಳಿಯುತ್ತದೆ. ಒಳಗೆ ಒಣಗದ ಬಟ್ಟೆಯ ವಾಸನೆ.

ಮೊದಲು ಅಲ್ಲಿದ್ದದ್ದು ಎರಡು ಮೊಳ ದಪ್ಪದ ಚಿರೆಕಲ್ಲಿನ ಗೋಡೆ. ಯಾರ ಕಾಲದ್ದೋ ಗೊತ್ತಿಲ್ಲ. ಅದಕ್ಕೆ ಚಿಪ್ಪಿಸುಣ್ಣದ ಗಾರೆ, ಮೇಲೆ ಹಲಸಿನ ಮರದ ಜಂತಿ, ತಲೆ ತಗ್ಗಿಸದೆ ಒಳಗೆ ಬಿಡದ ಬಾಗಿಲು. ದೇವಿಯ ಎಡಕ್ಕಿದ್ದ ಗೋಡೆಯಲ್ಲಿ, ಎದೆಮಟ್ಟಕ್ಕೆ, ಗಾರೆಯಲ್ಲಿ ಗೀರಿದ ಒಂದು ದೋಣಿ. ಗಂಡಸರು ಕಡಲಿಗೆ ಇಳಿದ ದಿನ ಹೆಂಗಸರು ಬಂದು ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಅಮ್ಮ ಅಪ್ಪನಿಗಾಗಿ ನಿಂತಳು, ಆಮೇಲೆ ಅಣ್ಣನಿಗಾಗಿ. ಕಣ್ಣು ಮಂಜಾದ ಮೇಲೂ ಗೋಡೆ ಸವರುತ್ತ ಹೋಗಿ ದೋಣಿಯನ್ನು ಹುಡುಕಿಕೊಳ್ಳುತ್ತಿದ್ದಳು.

ಜೀರ್ಣೋದ್ಧಾರದ ಮಾತು ಬಂದಾಗ ದೇವಿಯನ್ನೇ ಕೇಳೋಣ ಎಂದರು. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕೇಳುವುದು ನಮ್ಮ ಪದ್ಧತಿ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಕಾರವಾರದಲ್ಲಿ ನೌಕರಿಯಲ್ಲಿರುವವ, ನಾಲ್ಕಕ್ಷರ ಕಲಿತವ ಎಂದು ಕೇಳುವ ಕೆಲಸ ನನಗೆ ಬಂತು. “ತಾಯೇ, ಗುಡಿ ಹೊಸತು ಮಾಡುವಾ?” ಎಂದೆ. ಬಲದ ಹೂ ಬಿತ್ತು. ಗೋಡೆ ಇರಲೋ ಹೋಗಲೋ ಎಂದು ಕೇಳಲಿಲ್ಲ. ಹೊಳೆಯಲೇ ಇಲ್ಲ.

ಮುಂದಿನ ವಾರ ಗಾರೆ ಕಿತ್ತು ಗೋಡೆ ಕೆಡವಲು ತೊಡಗಿದರು. ತಕರಾರು ತೆಗೆದ ಹೆಂಗಸರಿಗೆ ಕಮಿಟಿಯವರು ನನ್ನನ್ನು ತೋರಿಸಿದರು: ಕೇಳಿದವ ಇವನೇ, ದೇವಿ ಹೂಂ ಅಂದಿದ್ದಾಳೆ. ಮತ್ತೊಮ್ಮೆ ಹೂ ಇಟ್ಟು ಕೇಳಬಹುದಿತ್ತು. ನಾನು ಕಾರವಾರದ ಬಸ್ಸು ಹತ್ತಿದೆ. ಟೈಲ್ಸಿಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಅಸಹ್ಯ.

ಕೆಲಸ ನಡೆದಷ್ಟು ಕಾಲ ಅಮ್ಮ ಕೋಡಿಬಾಗದಲ್ಲಿ ಅಕ್ಕನ ಮನೆಯಲ್ಲಿದ್ದಳು. ಗೋಡೆಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಊರಿಗೆ ಬಂದ ಮರುದಿನ ಅಣ್ಣ ಕಡಲಿಗೆ ಹೊರಟ. ಕೈ ಹಿಡಿದು ಗುಡಿಗೆ ಕರೆದೊಯ್ದೆ.

ಎಡಗೋಡೆಗೆ ಕೈ ಹಚ್ಚಿದಳು. ಸವರಿದಳು, ಹಿಂದಕ್ಕೆ ಬಂದು ಮತ್ತೆ ಸವರಿದಳು. ಬೆರಳಿಗೆ ಹತ್ತಿದ ಜಿಡ್ಡನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ತಮಾ, ಇದ್ಯಾರ ಮನಿ ಬಚ್ಚಲು? ಬೇಗ ಗುಡಿಗೆ ಕರ್ಕಂಡು ಹೋಗು. ನಿನ್ನ ಅಣ್ಣ ಆಗ್ಲೇ ಕಡಲಿಗೆ ಇಳ್ದ.”