ಗುಬ್ಬಿ ವಿಮಾನದ ಅಳತೆಗೆ ಚೀಲ ಹೊಲಿಯುವ ಪಂಪಾವತಿ

ಬೆಳಗಿನ ಐದೂವರೆ. ಕುರುಗೋಡಿನ ಓಣಿಯಲ್ಲಿ ಇನ್ನೂ ಕೊಡಗಳ ಸದ್ದಿಲ್ಲ. ಪಂಪಾವತಿ ಆಗಲೇ ಪಡಸಾಲೆಯ ದೀಪ ಹಾಕಿಕೊಂಡು, ಜೀನ್ಸ್ ಬಟ್ಟೆಯ ಚೀಲವೊಂದಕ್ಕೆ ಹಳೆಯ ಸೀರೆಗಳನ್ನು ತುರುಕುತ್ತಿದ್ದಾರೆ. ಜಿಪ್ಪು ಎಳೆದು, ಬಾಗಿಲ ಪಕ್ಕ ನೆಲಕ್ಕಿಟ್ಟ, ಮೇಲೆ ತೆರೆದ ಕಬ್ಬಿಣದ ಚೌಕಟ್ಟಿನ ಮೇಲೆ ಹಿಡಿದು ಕೈ ಬಿಡುತ್ತಾರೆ. ಚೀಲ ಅರ್ಧಕ್ಕೇ ನಿಲ್ಲುತ್ತದೆ. ನಾನು ಒತ್ತಲು ಹೋದರೆ ತಡೆಯುತ್ತಾರೆ.

"ನೂಕಬ್ಯಾಡ್ರಿ ಯವ್ವಾ. ತಾನಾಗೇ ಇಳೀಬೇಕು. ಅಲ್ಲಿ ನೂಕಾಕ ಬಿಡಂಗಿಲ್ಲ." ಹೊಲಿಗೆ ಬಿಚ್ಚಲು ಬ್ಲೇಡು ತೆಗೆದುಕೊಳ್ಳುತ್ತಾರೆ.

ಅಲ್ಲಿ ಎಂದರೆ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ. ಬಾಲದ ಮೇಲೆ ಗುಬ್ಬಿಯ ಚಿತ್ರವಿರುವ ಅಗ್ಗದ ವಿಮಾನ ಕಂಪನಿ ಐದು ವರ್ಷದ ಹಿಂದೆ ಮೂರೇ ವಿಮಾನ ಇಟ್ಟುಕೊಂಡು ಶುರುವಾಯಿತು. ಈಗ ಮೂವತ್ತನಾಲ್ಕಿವೆ. ಸಿರುಗುಪ್ಪ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲೇ ಟಿಕೆಟ್ ಸಿಗುತ್ತದೆ. ನಾಟಿ ಹಚ್ಚುವವರು, ಗೌಂಡಿಗಳು, ಬಳ್ಳಾರಿಯ ಹೊಲಿಗೆಯವರು ಎಲ್ಲರೂ ಹತ್ತುತ್ತಾರೆ. ಒಳಗೆ ನೀರಿಗೂ ದುಡ್ಡು, ಕಿಟಕಿ ಪಕ್ಕದ ಸೀಟಿಗೂ ದುಡ್ಡು. ಪುಕ್ಕಟೆ ಹೋಗುವುದು ಸೀಟಿನ ಕೆಳಗೆ ಹಿಡಿಸುವ ಒಂದು ಚೀಲ ಮಾತ್ರ. ನಲವತ್ತು ಸೆಂಟಿಮೀಟರ್ ಎತ್ತರ, ಮೂವತ್ತು ಅಗಲ, ಇಪ್ಪತ್ತು ದಪ್ಪ. ನಮ್ಮಜ್ಜಿಯ ಕತೆಗಳಲ್ಲಿ ಹಾರುವ ಮಂಚ ಹತ್ತಿದವರ ಗಂಟನ್ನು ಯಾರೂ ಅಳೆಯುತ್ತಿರಲಿಲ್ಲ.

ಐವತ್ತೆರಡರ ಪಂಪಾವತಿ ಇಪ್ಪತ್ತೆರಡು ವರ್ಷ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಪ್ಯಾಂಟಿನ ಕಾಲು ಹೊಲಿದವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗಿ, ಸಂಜೆ ನಿಂತೇ ಬರುತ್ತಿದ್ದರು. ಘಟಕ ಮುಚ್ಚಿದ ಮೇಲೆ ಅಲ್ಲಿಯ ಉಳಿಕೆ ತುಂಡುಗಳನ್ನು ತಂದು ಮನೆಯಲ್ಲೇ ಚೀಲ ಹೊಲಿಯತೊಡಗಿದರು. ದಿನಕ್ಕೆ ಹನ್ನೆರಡು, ಕರೆಂಟು ಹೋದ ದಿನ ಎಂಟು. ತೆಕ್ಕಲಕೋಟೆಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಮೊದಮೊದಲು ನಿಲ್ದಾಣದವರು ಚೀಲವನ್ನು ಕಣ್ಣಳತೆಯಲ್ಲೇ ನೋಡಿ ಬಿಡುತ್ತಿದ್ದರು. ಜನ ಹೆಚ್ಚಾದಂತೆ ಕಂಪನಿ ಗೇಟಿನಲ್ಲಿ ಚೌಕಟ್ಟು ತಂದಿಟ್ಟಿತು. ಅದರೊಳಗೆ ಇಳಿಯದ ಚೀಲಕ್ಕೆ ಟಿಕೆಟ್ಟಿಗಿಂತ ಹೆಚ್ಚು ದುಡ್ಡು ಕೇಳತೊಡಗಿತು. ಈ ಸುದ್ದಿ ಕುರುಗೋಡಿಗೆ ಮುಟ್ಟಲಿಲ್ಲ.

ಕಳೆದ ವಿಜಯದಶಮಿಗೆ ಹಚ್ಚೊಳ್ಳಿಯ ಹನ್ನೊಂದು ಬೌದ್ಧರು, ಹಿಂದೆ ಇದೇ ದಿನ ಲಕ್ಷಾಂತರ ಜನ ಬೌದ್ಧ ದೀಕ್ಷೆ ಪಡೆದ ನಾಗಪುರದ ದೀಕ್ಷಾಭೂಮಿಗೆ ಹೊರಟಿದ್ದರು. ಕರೆದುಕೊಂಡು ಹೊರಟವರು ಶಾಲೆಯ ಮೇಷ್ಟ್ರು ಭೀಮರಾಜ. ಹನ್ನೊಂದೂ ಚೀಲ ಪಂಪಾವತಿಯವರೇ ಹೊಲಿದದ್ದು. ಒಂದೂ ಚೌಕಟ್ಟಿಗೆ ಇಳಿಯಲಿಲ್ಲ. ಕೆಲವರು ದುಡ್ಡು ಕಟ್ಟಿದರು, ಕೆಲವರು ಬಟ್ಟೆಯ ಮೇಲೆ ಬಟ್ಟೆ ಉಟ್ಟು ಚೀಲ ಅಲ್ಲೇ ಬಿಟ್ಟರು. ನಾಟಿ ಕೆಲಸದ ಹೊನ್ನೂರಮ್ಮ, ಅರವತ್ತರ ಮೇಲಿನವರು, "ಮಕ್ಕಳು ಮುಂದ ಹೋಗ್ಲಿ" ಎಂದು ಸಾಲಿನ ಕೊನೆಗೆ ನಿಂತಿದ್ದರು. ಅವರ ಸರದಿ ಬಂದು, ಚೌಕಟ್ಟಿಗೆ ಚೀಲ ತುರುಕುತ್ತಿರುವಾಗಲೇ ಗೇಟು ಮುಚ್ಚಿತು. ಜೊತೆಗೆ ಉಳಿದದ್ದು ಮೇಷ್ಟ್ರು. ಇಬ್ಬರೂ ಬಸ್ಸು ಹಿಡಿದು ಸಿರುಗುಪ್ಪಕ್ಕೆ ವಾಪಸ್ಸಾದರು. ಆ ಟಿಕೆಟ್ ಮತ್ತೊಂದು ದಿನಕ್ಕೆ ನಡೆಯುವಂಥದ್ದಲ್ಲ.

ಪಂಪಾವತಿಗೆ ಇದು ತಿಳಿದದ್ದು ಹೊನ್ನೂರಮ್ಮನಿಂದಲೇ, ಅದೂ ಹದಿನೈದು ದಿನದ ಮೇಲೆ.

"ಜಗಳಕ್ಕ ಬಂದಾಳಂತ ಮಾಡಿದ್ರ, ಜಿಪ್ಪು ಹರದೈತಿ, ಹಾಕಿ ಕೊಡವಾ ಅಂದ್ಳು ಆಯಮ್ಮ. ಹೆಂಗ ಹರೀತಬೇ ಅಂದೆ. ಆ ಕಬ್ಬಿಣದಾಗ ತುರುಕಿ ತುರುಕಿ ಹರೀತು ಅಂದ್ಳು. ನಾಗಪುರ ಹೆಂಗಿತ್ತು ಅಂದೆ. ನನ್ನ ನೋಡಿ ನಕ್ಕಳು. ಹೈದರಾಬಾದ್ ಚೊಲೋ ಇತ್ತು ಅಂದ್ಳು."

ಅಂದೇ ಟೇಪು ಹಿಡಿದರು. ಎತ್ತರ ನಲವತ್ತೆರಡೂವರೆ ಸೆಂಟಿಮೀಟರ್. ಬರೋಬ್ಬರಿ ಒಂದಿಂಚು ಹೆಚ್ಚು. ಜೀನ್ಸ್ ಹೊಲಿದ ಮೇಲೆ ವಾಷಿಂಗಿಗೆ ಹೋಗುತ್ತದೆ, ಅಲ್ಲಿ ಬಟ್ಟೆ ಕುಗ್ಗುತ್ತದೆ. ಅದಕ್ಕೆಂದು ಹೊಲಿಗೆಯವರು ಮೊದಲೇ ಇಂಚು ಬಿಟ್ಟು ಕತ್ತರಿಸುತ್ತಾರೆ. ಚೀಲಗಳು ವಾಷಿಂಗಿಗೆ ಹೋಗುವುದೇ ಇಲ್ಲ. ಅದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

"ಇಂಚು ಬಿಡಲಿಲ್ಲಂದ್ರ ಮೇಸ್ತ್ರಿ ಬೈತಿದ್ದ. ಇಲ್ಲಿ ಬೈಯವ್ರು ಯಾರೂ ಇಲ್ಲ, ಆದ್ರೂ ಬಿಟ್ಟೀನಿ. ಎರಡು ವರ್ಷ ಅಷ್ಟೂ ಚೀಲಕ್ಕ ಬಿಟ್ಟೀನಿ."

ಮರುದಿನವೇ ವೆಲ್ಡಿಂಗ್ ಅಂಗಡಿಯ ಎರ್ರಣ್ಣನಲ್ಲಿಗೆ ಹೋಗಿ ಗೇಟಿನಲ್ಲಿದ್ದ ಅಳತೆಯದೇ ಚೌಕಟ್ಟು ಮಾಡಿಸಿದರು. "ಏನಕ್ಕಾ, ಇಲಿಬೋನು ಮಾಡಸ್ತಿಯೇನು? ಬಾಗ್ಲನ ಇಲ್ಲಲ್ಲ ಇದಕ್ಕ" ಎಂದು ಅವನು ಕಾಡಿದನಂತೆ. ಈಗ ಅದರಲ್ಲಿ ಇಳಿಯದ ಚೀಲ ಮನೆಯಿಂದ ಆಚೆ ಹೋಗುವುದಿಲ್ಲ. ಚೀಲ ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ಹಳೆಯ ತಪ್ಪನ್ನು ತಾವೇ ಹೇಳುತ್ತಾರೆ. ಅವರ ಗಂಡ ಚಿದಾನಂದಪ್ಪನವರಿಗೆ ಇದು ಸರಿಬರುವುದಿಲ್ಲ. "ಅಂಗಡಿ ಇಟ್ಟವ್ರು ಯಾರಾರ ಹಿಂಗ ಹೇಳ್ತಾರೇನು?" ಎನ್ನುತ್ತಾರೆ. ಪಂಪಾವತಿ ಮಿಷನ್ ತುಳಿಯುತ್ತಲೇ ಇರುತ್ತಾರೆ.

ಈ ವರ್ಷ ಹೊನ್ನೂರಮ್ಮ ಹೋಗಬೇಕಿತ್ತು. ಅವರ ಗಂಡ ಸುಂಕಪ್ಪ ಬದುಕಿದ್ದಷ್ಟು ದಿನ ದೀಕ್ಷಾಭೂಮಿಯ ಮಾತಾಡುತ್ತಲೇ ಇದ್ದು, ನೋಡದೆ ತೀರಿಕೊಂಡರು. ಇಬ್ಬರ ಪಾಲಿನದನ್ನೂ ತಾನೇ ನೋಡಿ ಬರುವುದು ಆಕೆಯ ಆಸೆ. ಆದರೆ ಸಂಕ್ರಾಂತಿಯಾದ ಮೇಲೆ ಎರಡನೇ ಬೆಳೆಯ ನಾಟಿಗೆ ಇಳಿದವರು ಬದುವಿನ ಮೇಲೆ ಜಾರಿ ಬಿದ್ದರು. ಮೊಣಕಾಲು ಹೋಯಿತು. ಈಗ ಅಂಗಳ ದಾಟಲೂ ಗೋಡೆ ಹಿಡಿಯಬೇಕು. ಪಂಪಾವತಿ ಹಚ್ಚೊಳ್ಳಿಗೇ ಹೋಗಿ, ವಿಮಾನ ನಿಲ್ದಾಣದಲ್ಲಿ ಗಾಲಿ ಕುರ್ಚಿ ಕೊಡುತ್ತಾರಂತೆ, ಹೋಗಿ ಬನ್ನಿ ಎಂದು ಕೇಳಿಕೊಂಡರು. ಹೊನ್ನೂರಮ್ಮ ಒಪ್ಪಲಿಲ್ಲ. "ಅಲ್ಲಿಗೆ ನಡದು ಹೋಗಬೇಕಂತ ಇತ್ತವಾ ನಂಗ. ಹೊತ್ಗೊಂಡು ಹೋಗೋದಿದ್ರ ಬ್ಯಾಡ" ಎಂದರಂತೆ.

ಬರುವ ವಿಜಯದಶಮಿಗೆ ಅವರ ಬದಲು ಮೇಷ್ಟ್ರ ಹೆಂಡತಿ ಜಯಶ್ರೀ, ಸುಂಕಪ್ಪನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆಕೆಯ ಚೀಲಕ್ಕೆ ಪಂಪಾವತಿ ಒಳಗಡೆ ಒಂದು ಜೇಬು ಇಟ್ಟಿದ್ದಾರೆ. ಫೋಟೋ ಮಡಚಿಕೊಳ್ಳದಂತೆ, ಹಿಂದೆ ಒಂದು ರಟ್ಟು.

ಬಿಸಿಲು ಪಡಸಾಲೆಗೆ ಬಂದಿದೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಬಿಚ್ಚಿದ ಚೀಲ ಮತ್ತೆ ಹೊಲಿಯಲು ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ.

"ಅಳತಿ ತಪ್ಪಿದ್ರ ಬಿಚ್ಚಿ ಹೊಲೀಬಹುದ್ರಿ. ಆಯಮ್ಮ ನಡೀತಿದ್ದ ವರ್ಷ ಹೋತು, ಅದನ್ನ ಎಲ್ಲಿಂದ ತರ್ಲಿ. ಜಯಶ್ರೀ ಹೋಗಿ ಬಂದು, ಫೋಟೋ ಅಲ್ಲಿಗೆ ಮುಟ್ಟಿತು ಅಂದ್ರ, ಆ ಮಾತು ಹಚ್ಚೊಳ್ಳಿಗೆ ಹೋಗಿ ನಾನ ಹೇಳ್ಬೇಕು. ಬ್ಯಾರೆಯವ್ರು ಹೇಳಬಾರ್ದು."